ಸ್ಕಾರ್‌ಫೇಸ್ ಹೇಗೆ ಮೇಲೆ ಬಂದ ಅಂತ ಕೇಳುವವರಿಗೆ

ನಾನು ಅಮೆರಿಕದ ರ‍್ಯಾಪ್ ಗಾಯಕ ಸ್ಕಾರ್‌ಫೇಸ್‌ನ ಹಾಡು ಕೇಳ್ತೀನಿ ಅಂತ ಗೊತ್ತಾದರೆ ಸಾಕು, ಪ್ರಶ್ನೆ ರೆಡಿ: "ಬರೀ ಗನ್ನು, ಡ್ರಗ್ಸು, ಬೈಗುಳ. ಇಂಥವನು ಅಷ್ಟು ದೊಡ್ಡವನಾಗಿದ್ದು ಹೇಗೆ?" ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ಅಂಕಲ್ ಅಂತೂ "ರೌಡಿಗಳಿಗೂ ಫ್ಯಾನ್ಸ್ ಇರ್ತಾರಾ?" ಅಂದುಬಿಟ್ಟರು. ಪಾಯಸ ಬಂತು, ಸುಮ್ಮನಾದೆ. ಇಲ್ಲಿ ಸುಮ್ಮನಿರಲ್ಲ.

1980ರ ದಶಕದ ಕೊನೆಯಲ್ಲಿ ರ‍್ಯಾಪ್ ಅಂದ್ರೆ ನ್ಯೂಯಾರ್ಕ್, ಬಿಟ್ಟರೆ ಲಾಸ್ ಏಂಜಲೀಸ್. ಟೆಕ್ಸಾಸ್‌ನ ಹ್ಯೂಸ್ಟನ್ನನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅಲ್ಲಿ ಜೆ. ಪ್ರಿನ್ಸ್ ರ‍್ಯಾಪ್-ಎ-ಲಾಟ್ ಅಂತ ಸ್ವಂತ ಸಂಗೀತ ಕಂಪನಿ ಕಟ್ಟಿದರು. ಅವರ ಗೆಟೊ ಬಾಯ್ಸ್ ತಂಡಕ್ಕೆ ಬ್ರಾಡ್ ಜೋರ್ಡನ್ ಹದಿಹರೆಯದಲ್ಲೇ ಸೇರಿದ. ಅವನೇ ಸ್ಕಾರ್‌ಫೇಸ್. 1990ರಲ್ಲಿ ಅವರ ಆಲ್ಬಮ್ ಹಂಚಲು ಗೆಫೆನ್ ಕಂಪನಿ ಒಪ್ಪಲಿಲ್ಲ, ಸಾಹಿತ್ಯ ವಿಪರೀತ ಆಯ್ತು ಅಂತ. ಮರುವರ್ಷ "ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ" ಬಂತು. ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 23ನೇ ಸ್ಥಾನ.

ಆ ಹಾಡಿನಲ್ಲಿ ಏನಿದೆ ಗೊತ್ತಾ? ನಿದ್ದೆ ಬಾರದೆ ಕೋಣೆಯಲ್ಲಿ ಒಬ್ಬನೇ ಮೇಣದಬತ್ತಿ ನೋಡುತ್ತಾ ಕೂತಿದ್ದಾನೆ, ಯಾರೋ ಬೆನ್ನು ಹತ್ತಿದ್ದಾರೆ ಅನ್ನೋ ಭಯ. ಕೊನೆಯಲ್ಲಿ ತಂಡದ ಇನ್ನೊಬ್ಬ ಗಾಯಕ ಬುಶ್‌ವಿಕ್ ಬಿಲ್ ಒಬ್ಬ ದೈತ್ಯನನ್ನು ಗುದ್ದುತ್ತಾ ಹೋಗುತ್ತಾನೆ, ಆಮೇಲೆ ನೋಡಿದರೆ ಎದುರಿಗೆ ಯಾರೂ ಇಲ್ಲ, ಕಾಂಕ್ರೀಟಿಗೆ ಗುದ್ದಿ ಗುದ್ದಿ ಕೈಯೆಲ್ಲ ರಕ್ತ. ಬಹುಪಾಲು ಬರೆದದ್ದು ಸ್ಕಾರ್‌ಫೇಸೇ. ಇದು ರೌಡಿಯ ಬಡಾಯಿನಾ?

ಹಿಂಸೆಯ ಸಾಲುಗಳಿವೆ, ಹೆಣ್ಣುಮಕ್ಕಳ ಬಗ್ಗೆ ಕೀಳು ಮಾತುಗಳೂ ಇವೆ. ಅವನ್ನು ನಾನು ಸಮರ್ಥಿಸಲ್ಲ. ಆದರೆ ನನ್ನನ್ನು ಕೇಳಬೇಕಾದದ್ದು ಬೇರೆ: ಗಂಡಸು ಹೆದರಿದೆ ಅಂತ ಹೇಳಲೇಬಾರದ ಕಡೆ ಇಪ್ಪತ್ತರ ಹುಡುಗ ಅದನ್ನು ಹೇಳಿದ್ದು ಹೇಗೆ? ಖಿನ್ನತೆಯ ಬಗ್ಗೆ, ಚಿಕ್ಕವನಿದ್ದಾಗ ಮನೋರೋಗ ವಾರ್ಡಿನಲ್ಲಿ ಇದ್ದದ್ದರ ಬಗ್ಗೆ ಅವನೇ ಬಾಯಿಬಿಟ್ಟು ಮಾತಾಡಿದ್ದಾನೆ. ಬೇರೆಯವರು ಮುಚ್ಚಿಟ್ಟದ್ದನ್ನು ಇವನು ಬರೆದ. ಜನ ನಂಬಿದ್ದು ಅದಕ್ಕೇ.

ಆಮೇಲಿನದ್ದು ನಿಮಗೆ ಬೇಕಾದ ಉತ್ತರ. 1997ರಲ್ಲಿ "ದಿ ಅನ್‌ಟಚಬಲ್" ಆಲ್ಬಮ್ ಬಿಲ್‌ಬೋರ್ಡ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ನ್ಯೂಯಾರ್ಕಿನ ರ‍್ಯಾಪ್ ಕಂಪನಿ ಡೆಫ್ ಜಾಮ್ ಅಮೆರಿಕದ ದಕ್ಷಿಣಕ್ಕೆ ಅಂತಲೇ ಶಾಖೆ ತೆರೆದಾಗ ಅದರ ಮುಖ್ಯಸ್ಥನಾಗಿ ಕೂರಿಸಿದ್ದು ಇವನನ್ನೇ. ರ‍್ಯಾಪರ್ ಲೂಡಕ್ರಿಸ್‌ನನ್ನು ಅಲ್ಲಿಗೆ ತಂದದ್ದೂ ಇವನೇ.

ಮತ್ತೆ ಕೇಳುವ ಮೊದಲು 1994ರ "ಐ ಸೀನ್ ಎ ಮ್ಯಾನ್ ಡೈ" ಒಮ್ಮೆ ಪೂರ್ತಿ ಕೇಳಿ. ಜೈಲಿಂದ ಬಂದವನು ಅಪ್ಪನ ಕಡೆ ಕೈ ಚಾಚುವ ಜಾಗ ಬರುತ್ತೆ. ಅಲ್ಲಿ ಬೇಕಾದರೆ ಬೈಗುಳ ಹುಡುಕಿ.