ಕವರ್ ಊದಿ ಬಿಡಿಸುವ ಚಟ

ತೀರ್ಥಹಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಮಳೆ ಹಿಡಿದರೆ ಸಾಕು, ಜ್ವರ ಕೆಮ್ಮಿನವರ ಸಾಲು. "ಆ ಮೂರು ದಿನದ ಮಾತ್ರೆ ಕೊಡಿ" ಅಂತ ಅಜಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್ ಕೇಳುತ್ತಾರೆ. ಫ್ಲೂ ಬರುವುದು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಕೆಲವರು ಮುಖ ಗಂಟಿಕ್ಕಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಇಷ್ಟೆಲ್ಲ ಹೇಳುವ ನಾನೇ ಎರಡು ವರ್ಷದ ಹಿಂದೆ ಜುಲೈನಲ್ಲಿ ಮನೆಗೆ ಫ್ಲೂ ಹೊತ್ತುಕೊಂಡು ಹೋದೆ.

ಮಾತ್ರೆ ಹಾಕಿ ಕೊಡುವ ಸಣ್ಣ ಕಾಗದದ ಕವರ್ ಇರುತ್ತದಲ್ಲ, ಅದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಬೆರಳು ನಾಲಿಗೆಗೆ ತಾಗಿಸಿ ಒಂದನ್ನು ಎಳೆಯುವುದು, ಬಾಯಿ ಹತ್ತಿರ ಹಿಡಿದು ಉಫ್ ಅಂತ ಊದುವುದು, ಮಾತ್ರೆ ಹಾಕುವುದು. ಕೈ ತಾನಾಗೇ ಮಾಡುತ್ತದೆ. ಅದೇ ಬೆರಳು ಆಗಷ್ಟೇ ಜ್ವರದವರು ಕೊಟ್ಟ ನೋಟು ಎಣಿಸಿರುತ್ತದೆ. ಕೌಂಟರಿಗೆ ಮೊಣಕೈ ಊರಿ ಮುಖಕ್ಕೇ ಕೆಮ್ಮುವವರು ಬೇರೆ. ನನಗೆ ಹೆಚ್ಚಾಗಿ ಆ ಕೆಮ್ಮಿನಿಂದಲೇ ತಗುಲಿರಬೇಕು. ಆದರೆ ನಾನು ಊದಿದ ಕವರ್ ಆ ವಾರ ಎಷ್ಟು ಮನೆಗೆ ಹೋಯಿತು ಅನ್ನುವುದು ಈಗಲೂ ಚುಚ್ಚುತ್ತದೆ.

ಭಾನುವಾರ ರಾತ್ರಿ ಅಮ್ಮನ ಜೊತೆ ಒಂದೇ ತಟ್ಟೆಯಲ್ಲಿ ಹಲಸಿನ ಹಪ್ಪಳ ತಿಂದೆ. ಆಗ ನನಗೆ ಏನೂ ಇರಲಿಲ್ಲ. ಸೋಮವಾರ ಮಧ್ಯಾಹ್ನ ಚಳಿ, 102 ಡಿಗ್ರಿ, ಮೈ ಕೈ ನೋವು. ಲಕ್ಷಣ ಕಾಣುವ ಒಂದು ದಿನ ಮೊದಲೇ ಇದು ಹರಡಲು ಶುರುವಾಗುತ್ತದೆ. ಓದಿ ಗೊತ್ತಿತ್ತು, ಮನೆಯಲ್ಲೇ ನೋಡಿದ್ದು ಆಗಲೇ. ಬುಧವಾರ ಅಮ್ಮನಿಗೂ ಜ್ವರ. ಅವರಿಗೆ 71, ಶುಗರ್ ಬೇರೆ. ಫ್ಲೂ ವೈರಸ್‌ಗೇ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಉಪಯೋಗ ಜಾಸ್ತಿ ಅಂತ ಗೊತ್ತಿದ್ದೂ ಡಾಕ್ಟರಿಗೆ ತೋರಿಸಲಿಲ್ಲ. "ಮಳೆಗಾಲದ ಜ್ವರ, ಕಷಾಯ ಕುಡಿ" ಅಂತ ಮೂರು ದಿನ ಕಳೆದೆ. ಶನಿವಾರ ಉಸಿರು ಕಟ್ಟಿದಾಗ ಶಿವಮೊಗ್ಗಕ್ಕೆ ಓಡಿದೆವು. ನ್ಯುಮೋನಿಯಾ. ಆರು ದಿನ ಅಡ್ಮಿಟ್.

ಮರ್ಯಾದೆ ಹೋಗುವ ವಿಷಯ ಇನ್ನೊಂದಿದೆ. ಫ್ಲೂ ಲಸಿಕೆ ನಮ್ಮ ಅಂಗಡಿಯ ಫ್ರಿಜ್ಜಿನಲ್ಲೇ ಇತ್ತು. 2ರಿಂದ 8 ಡಿಗ್ರಿಯೊಳಗೆ ಇದೆಯಾ ಅಂತ ಬೆಳಿಗ್ಗೆ ಸಂಜೆ ನೋಡಿ ಬರೆದಿಡುತ್ತಿದ್ದೆ. ಕರೆಂಟ್ ಹೋದರೆ ಜೀವ ಹೊಡೆದುಕೊಳ್ಳುತ್ತಿತ್ತು. ಚೀಟಿ ತಂದವರಿಗೆ ಐಸ್ ಪ್ಯಾಕ್ ಇಟ್ಟು ಜೋಪಾನವಾಗಿ ಕೊಡುತ್ತಿದ್ದೆ. ಅಮ್ಮನಿಗೆ ಹಾಕಿಸಬೇಕು ಅಂತ ಹೊಳೆಯಲೇ ಇಲ್ಲ.

ಈಗ ಮೇ ಬಂದರೆ ಡಾಕ್ಟರ ಹತ್ತಿರ ಹೋಗಿ ಇಬ್ಬರೂ ಹಾಕಿಸಿಕೊಳ್ಳುತ್ತೇವೆ. ವೈರಸ್ ವೇಷ ಬದಲಿಸುತ್ತಿರುತ್ತದೆ, ಅದಕ್ಕೇ ವರ್ಷಾ ವರ್ಷ ಬೇಕು. ಲಸಿಕೆ ಕೆಲಸ ಶುರು ಮಾಡಲು ಎರಡು ವಾರ ಹಿಡಿಯುತ್ತದೆ, ಅದಕ್ಕೇ ಮಳೆಗೆ ಮುಂಚೆ. ಹಾಕಿಸಿಕೊಂಡರೂ ಜ್ವರ ಬರಬಹುದು. ಆಸ್ಪತ್ರೆ ಸೇರುವಷ್ಟು ಏರುವುದು ಕಡಿಮೆ. ನನಗೆ ಕೆಮ್ಮು ಶುರುವಾದರೆ ಮಾಸ್ಕ್, ಜ್ವರ ಇದ್ದರೆ ಅಂಗಡಿಗೆ ಹುಡುಗನೊಬ್ಬನೇ.

ಗಲ್ಲಾ ಪಕ್ಕ ಒದ್ದೆ ಸ್ಪಂಜಿನ ಬಟ್ಟಲು ಇಟ್ಟಿದ್ದೇನೆ. ಮೊನ್ನೆ ಹಳೇ ಗಿರಾಕಿಯೊಬ್ಬರು ಹೆಬ್ಬೆರಳು ನಾಲಿಗೆಗೆ ತಾಗಿಸಿ ನೋಟು ಎಣಿಸಲು ಹೊರಟರು. ಸುಮ್ನೆ ಬಟ್ಟಲು ಮುಂದೆ ತಳ್ಳಿದೆ.

"ಎಂತ ಮಾರಾಯ, ಇದು ಪೋಸ್ಟಾಫೀಸಾ?" ಅಂದರು. ಸ್ಪಂಜಿಗೆ ಬೆರಳು ಒತ್ತಿಯೇ ಎಣಿಸಿದರು.