ಟೆಲಿಫೋಟೊ ಲೆನ್ಸ್‌ನ ಭಾರ ಮತ್ತು ಎಡಗೈ

ಟ್ರೈಪಾಡ್ ಇಲ್ಲದೆ, ದೂರದ ವಸ್ತುವನ್ನು ಹತ್ತಿರಕ್ಕೆ ತೋರಿಸುವ ದೊಡ್ಡ ಟೆಲಿಫೋಟೊ ಲೆನ್ಸ್ ಹಿಡಿದು ಚಿತ್ರ ತೆಗೆಯುವವರ ಮಾತೆಲ್ಲ ಸಾಮಾನ್ಯವಾಗಿ ತೂಕದ ಸುತ್ತಲೇ ತಿರುಗುತ್ತದೆ. ತೂಕವೇನೋ ಇಳಿಯುತ್ತಲೇ ಬಂದಿದೆ. 1999ರಲ್ಲಿ ಬಂದ ಕ್ಯಾನನ್ 600 ಎಂಎಂ ಎಫ್/4 ಐಎಸ್ ಲೆನ್ಸ್ 5,360 ಗ್ರಾಂ ಇದ್ದರೆ, 2018ರಲ್ಲಿ ಬಂದ ಅದರ ಮೂರನೆಯ ಆವೃತ್ತಿ 3,050 ಗ್ರಾಂ ಇದೆ. ಆದರೆ ಹೊಸ ಲೆನ್ಸ್ ಹಿಡಿದಾಗ ಆಗುವ ಹಗುರದ ಅನುಭವಕ್ಕೆ ಈ ಅಂಕಿಗಳಷ್ಟೇ ಕಾರಣವಲ್ಲ. ಅದರೊಳಗಿನ ಭಾರದ ಗಾಜುಗಳನ್ನು ಮುಂತುದಿಯಿಂದ ಹಿಂದಕ್ಕೆ, ಕ್ಯಾಮೆರಾದ ಕಡೆಗೆ ಸರಿಸಲಾಗಿದೆ. ನೀರು ತುಂಬಿದ ಬಕೆಟ್ಟನ್ನು ತೋಳು ಚಾಚಿ ಹಿಡಿಯುವುದಕ್ಕೂ ಮೈಗೆ ಒತ್ತಿಕೊಂಡು ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಇಲ್ಲಿಯೂ ಅಷ್ಟೇ ಇದೆ. ಆದ್ದರಿಂದ ತೂಕ ಎಷ್ಟು ಎಂಬುದಕ್ಕಿಂತ ಅದು ಮೈಯಿಂದ ಎಷ್ಟು ದೂರದಲ್ಲಿ ತೂಗುತ್ತಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಮೊದಲ ಕೆಲಸ ಸಮತೋಲನದ ಜಾಗವನ್ನು ಕಂಡುಕೊಳ್ಳುವುದು. ಕ್ಯಾಮೆರಾ, ಹುಡ್ (ಲೆನ್ಸ್‌ನ ಮುಂತುದಿಗೆ ಹಾಕುವ ನೆರಳಿನ ಕೊಳವೆ), ಬ್ಯಾಟರಿ ಎಲ್ಲವನ್ನೂ ಜೋಡಿಸಿ, ಲೆನ್ಸನ್ನು ಎಡ ಅಂಗೈಯ ಮೇಲೆ ಇಟ್ಟು, ಮುಂದಕ್ಕೂ ವಾಲದೆ ಹಿಂದಕ್ಕೂ ವಾಲದೆ ನಿಲ್ಲುವ ಬಿಂದುವನ್ನು ಬಲಗೈ ಸಿದ್ಧವಾಗಿಟ್ಟುಕೊಂಡು ನಿಧಾನವಾಗಿ ಹುಡುಕಬೇಕು. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಆದರೆ ಅದನ್ನು ಪೂರ್ತಿ ಉದ್ದಕ್ಕೆ ಎಳೆದು ಈ ಪರೀಕ್ಷೆ ಮಾಡಬೇಕು, ಏಕೆಂದರೆ ನಾವು ಹೆಚ್ಚಾಗಿ ಬಳಸುವುದು ಆ ಕೊನೆಯನ್ನೇ. ಸೋನಿ 200-600 ಎಂಎಂನಂತೆ ಉದ್ದ ಬದಲಾಗದ ಲೆನ್ಸ್‌ಗಳಲ್ಲಿ ಈ ಬಿಂದು ಹೆಚ್ಚು ಅಲುಗಾಡುವುದಿಲ್ಲ. ಒಂದೆರಡು ನೂರು ಗ್ರಾಂ ಹೆಚ್ಚು ತೂಗಿದರೂ ನಾನು ಅಂಥ ಲೆನ್ಸನ್ನೇ ಆರಿಸಿಕೊಳ್ಳುತ್ತೇನೆ.

ಎಡಗೈ ಎಲ್ಲಿರಬೇಕು ಎಂಬುದರಲ್ಲಿ ಮಾತ್ರ ನಿಜವಾದ ತಿಕ್ಕಾಟವಿದೆ. ಕೈಯನ್ನು ಹುಡ್‌ನ ಹತ್ತಿರಕ್ಕೆ ಚಾಚಿದರೆ ಲೆನ್ಸ್‌ನ ತುದಿ ಮೇಲೆ ಕೆಳಗೆ ತೂಗಾಡುವುದು ಕಡಿಮೆಯಾಗುತ್ತದೆ, ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ಗುರಿಯ ಮೇಲೆ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ಮೊಣಕೈ ಪಕ್ಕೆಯನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುವುದರಿಂದ ಭಾರವೆಲ್ಲ ಭುಜದ ಸ್ನಾಯುವಿನ ಮೇಲೆ ಬಿದ್ದು, ಸ್ವಲ್ಪ ಹೊತ್ತಿನಲ್ಲೇ ಅದು ನಡುಗತೊಡಗುತ್ತದೆ. ಕೈಯನ್ನು ಹಿಂದಕ್ಕೆ ತಂದು ಮೊಣಕೈಯನ್ನು ಪಕ್ಕೆಗೆ ಊರಿದರೆ ಭಾರ ಮೂಳೆಯ ಮೂಲಕ ನೇರವಾಗಿ ಸೊಂಟಕ್ಕೆ, ಕಾಲಿಗೆ ಇಳಿಯುತ್ತದೆ, ಹೆಚ್ಚು ಹೊತ್ತು ಹಿಡಿಯಬಹುದು, ಆದರೆ ತುದಿ ತುಸು ಸ್ವತಂತ್ರವಾಗಿ ಓಲಾಡುತ್ತದೆ. ಕುಳಿತಿರುವ ಪ್ರಾಣಿಗೆ ಎರಡನೆಯದು, ಹಾರುವ ಹಕ್ಕಿಗೆ ಮೊದಲನೆಯದು ಎಂದು ನಾನು ಕೈಯನ್ನು ಸರಿಸುತ್ತಿರುತ್ತೇನೆ. ಟ್ರೈಪಾಡ್ ಕಾಲರ್‌ನ (ಟ್ರೈಪಾಡ್‌ಗೆ ಕೂರಿಸಲು ಲೆನ್ಸ್‌ನ ಸುತ್ತ ಇರುವ ಉಂಗುರದ) ಪಾದ ಅಗಲವಾಗಿ, ನುಣುಪಾಗಿ ಇದ್ದರೆ ಅದನ್ನೇ ಅಂಗೈಯ ಮೇಲೆ ಕೂರಿಸಬಹುದು; ಅಂಚು ಅಂಗೈಯನ್ನು ಕೊರೆಯುವಂತಿದ್ದರೆ ಕಾಲರ್ ಸಡಿಲಿಸಿ ಪಾದವನ್ನು ಮೇಲಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡುವುದು ಒಳ್ಳೆಯದು.

ಇಷ್ಟೊಂದು ಎಚ್ಚರ ಏಕೆ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ ಸಾಕು. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (ಹಳೆಯ 35 ಎಂಎಂ ಫಿಲ್ಮ್‌ನ ಚೌಕಟ್ಟಿನಷ್ಟು ದೊಡ್ಡ) ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಗಲವಿರುತ್ತದೆ. 600 ಎಂಎಂ ಲೆನ್ಸ್‌ನಲ್ಲಿ ಅದು 50 ಮೀಟರ್ ದೂರದ ವಸ್ತುವಿನ ಮೇಲೆ ಅರ್ಧ ಮಿಲಿಮೀಟರಿಗೆ ಸಮ. ಅಂದರೆ ಶಟರ್ ತೆರೆದಿರುವ ಅವಧಿಯಲ್ಲಿ ಗುರಿ ಅಷ್ಟು ಸರಿದರೂ ಒಂದು ಪಿಕ್ಸೆಲ್‌ನಷ್ಟು ವಿವರ ಕದಡುತ್ತದೆ. ಶಟರ್ ತೆರೆದಿರುವ ಸಮಯ ಫೋಕಲ್ ಲೆಂತ್‌ನ (ಲೆನ್ಸ್‌ನ ಎಂಎಂ ಸಂಖ್ಯೆಯ) ವಿಲೋಮದಷ್ಟು, ಅಂದರೆ ಇಲ್ಲಿ ಸೆಕೆಂಡಿನ 600ನೇ ಒಂದು ಭಾಗದಷ್ಟು, ಇರಬೇಕು ಎಂಬ ಹಳೆಯ ಸೂತ್ರ ಆರಂಭಕ್ಕೆ ಸರಿ, ಆದರೆ ಇಂದಿನ ಸೆನ್ಸರ್‌ಗಳಿಗೆ ಅದರ ಎರಡರಷ್ಟು ವೇಗ ಇಟ್ಟುಕೊಳ್ಳುವುದು ಕ್ಷೇಮ. ಸ್ಟೆಬಿಲೈಸೇಶನ್ ಕೈಯ ನಡುಕವನ್ನು ಸರಿದೂಗಿಸುತ್ತದೆಯೇ ಹೊರತು ದಣಿದ ಭುಜಕ್ಕೆ ವಿಶ್ರಾಂತಿ ಕೊಡುವುದಿಲ್ಲ, ಓಡುವ ಪ್ರಾಣಿಯನ್ನು ನಿಲ್ಲಿಸುವುದೂ ಇಲ್ಲ.

ನಿಂತಾಗ ಪಾದಗಳ ನಡುವೆ ಭುಜದಷ್ಟು ಅಂತರವಿರಲಿ, ಎಡಗಾಲು ತುಸು ಮುಂದಿರಲಿ. ವ್ಯೂಫೈಂಡರ್ ಹುಬ್ಬಿನ ಮೂಳೆಗೆ ಹಗುರವಾಗಿ ಒತ್ತಿದರೆ ಎರಡು ಕೈಗಳ ಜೊತೆಗೆ ಮೂರನೆಯ ಆಧಾರವೊಂದು ಸಿಗುತ್ತದೆ. ಗುರಿ ಪಕ್ಕಕ್ಕೆ ಚಲಿಸಿದರೆ ತೋಳುಗಳನ್ನಲ್ಲ, ಸೊಂಟದಿಂದ ಮೇಲಿನ ಇಡೀ ದೇಹವನ್ನು ತಿರುಗಿಸಬೇಕು. ಕುಳಿತರೆ ಇನ್ನೂ ಅನುಕೂಲ: ಮೊಣಕಾಲು ಮಡಚಿ, ಮೊಣಕೈಯ ಮೇಲಿನ ಮಾಂಸಲ ಭಾಗವನ್ನು ಮೊಣಕಾಲಿನ ಮೇಲೆ ಇಡಬೇಕು. ಮೊಣಕೈಯ ತುದಿಯನ್ನೇ ಮೊಣಚಿಪ್ಪಿನ ಮೇಲಿಟ್ಟರೆ ಮೂಳೆಯ ಮೇಲೆ ಮೂಳೆ ಜಾರುತ್ತಲೇ ಇರುತ್ತದೆ. ಉಸಿರನ್ನು ಅರ್ಧ ಹೊರಬಿಟ್ಟು, ಶಟರ್ ಗುಂಡಿಯನ್ನು ಕುಟ್ಟದೆ ಮೆಲ್ಲಗೆ ಒತ್ತಿ ಮೂರು ನಾಲ್ಕು ಚೌಕಟ್ಟು ತೆಗೆದರೆ, ಒತ್ತುವಾಗ ಕದಲಿದ ಮೊದಲ ಚಿತ್ರಕ್ಕಿಂತ ನಡುವಿನವು ಚುರುಕಾಗಿ ಬಂದಿರುವುದೇ ಹೆಚ್ಚು.

ಹಕ್ಕಿ ಹಾರುವವರೆಗೆ ಲೆನ್ಸನ್ನು ಕಣ್ಣಿಗೇ ಇಟ್ಟುಕೊಂಡು ಕಾಯುವುದು ಹೆಚ್ಚಿನವರು ಬಿಡಲಾಗದ ಚಟ. ಲೆನ್ಸನ್ನು ತೊಡೆಯ ಮೇಲೋ ಸೊಂಟದ ಮೇಲೋ ಇಳಿಸಿ, ಬರಿಗಣ್ಣಿನಿಂದ ಹಕ್ಕಿಯನ್ನು ನೋಡುತ್ತಿದ್ದು, ರೆಕ್ಕೆ ಬಿಚ್ಚುವ ಮುನ್ನ ಅದು ಮೈ ಬಗ್ಗಿಸುವಾಗ ಎತ್ತಿದರೆ ತೋಳಿನಲ್ಲಿ ಕಸುವು ಉಳಿದಿರುತ್ತದೆ. ಒಂದೇ ಕಡೆ ಬಹಳ ಹೊತ್ತು ಕಾಯುವುದಾದರೆ ಒಂಟಿಗಾಲಿನ ಆಧಾರವಾದ ಮೊನೊಪಾಡ್ ಬಳಸುವುದೇ ಜಾಣತನ, ಅದರಲ್ಲಿ ಅವಮಾನವೇನಿಲ್ಲ.

ಹೊತ್ತು ನಡೆಯುವಾಗ ಪಟ್ಟಿಯನ್ನು ಕ್ಯಾಮೆರಾಕ್ಕಲ್ಲ, ಲೆನ್ಸ್‌ನ ಮೇಲಿರುವ ಪಟ್ಟಿಯ ಕೊಂಡಿಗಳಿಗೆ ಅಥವಾ ಕಾಲರ್‌ನ ಪಾದಕ್ಕೆ ಸಿಕ್ಕಿಸಬೇಕು. ಇಲ್ಲವಾದರೆ ಮೂರು ಕಿಲೋದ ಎಳೆತವೆಲ್ಲ ಲೆನ್ಸ್ ಕ್ಯಾಮೆರಾಕ್ಕೆ ಸೇರುವ ಮೌಂಟ್‌ನ ತೆಳುವಾದ ಉಂಗುರದ ಮೇಲೆ ಬೀಳುತ್ತದೆ.