ಕ್ಯಾರಿಯಲ್ಲಿ ಎಸಿಸಿ ಕಾಲೇಜ್ ಸಾಕರ್ ಫೈನಲ್: ಹೋಗುವ ಮುಂಚೆ ತಿಳಿದಿರಲಿ

ನವೆಂಬರ್‌ನಲ್ಲಿ ಎಸಿಸಿ ಪುರುಷರ ಸಾಕರ್ ಚಾಂಪಿಯನ್‌ಶಿಪ್ ನೋಡೋಕೆ ನಾರ್ತ್ ಕ್ಯಾರೊಲಿನಾದ ಕ್ಯಾರಿಗೆ ಹೊರಟಿದ್ದೀರಾ? ಹಾಗಿದ್ದರೆ ಮೊದಲ ಮಾತು: ನಿಮ್ಮ ತಂಡವನ್ನು ನಂಬಿಕೊಂಡು ಹೋಟೆಲ್ ಬುಕ್ ಮಾಡಬೇಡಿ. ಮಗ ಕ್ಲೆಮ್ಸನ್‌ನಲ್ಲಿ ಓದುತ್ತಾನೆ, ಕ್ಲೆಮ್ಸನ್ ಫೈನಲ್‌ಗೆ ಬಂದೇ ಬರುತ್ತೆ ಅಂತ ಒಂದು ತಿಂಗಳು ಮುಂಚೆ ದುಡ್ಡು ಕಟ್ಟಿ, ಆಮೇಲೆ ಕ್ವಾರ್ಟರ್‌ಫೈನಲ್‌ನಲ್ಲೇ ತಂಡ ಸೋತು, ಬೇರೆ ಯಾರದ್ದೋ ಪಂದ್ಯ ನೋಡೋ ಮನಸ್ಸಿಲ್ಲದೆ ಹೋಟೆಲ್ ದುಡ್ಡು ಬಿಟ್ಟವರು ನಮ್ಮ ಶಾರ್ಲೆಟ್ ಊರಿನ ಗೆಳೆಯರ ಗುಂಪಿನಲ್ಲೇ ಇದ್ದಾರೆ. ಊರಿಗೋಸ್ಕರ, ಆಟಕ್ಕೋಸ್ಕರ ಹೋಗಿ. ಆಗ ಯಾರು ಗೆದ್ದರೂ ನಷ್ಟ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎಸಿಸಿ ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, 1953ರಲ್ಲಿ ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ಶುರುವಾದ ವಿಶ್ವವಿದ್ಯಾಲಯಗಳ ಕೂಟ. ಸಾಕರ್‌ನ ಈ ಟೂರ್ನಿ 1987ರಿಂದ ನಡೆಯುತ್ತಿದೆ. ಹೆಸರಲ್ಲಿ ಅಟ್ಲಾಂಟಿಕ್ ಇದ್ದರೂ 2024ರಿಂದ ಸ್ಟ್ಯಾನ್‌ಫರ್ಡ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಕ್ಯಾಲ್), ಡಲ್ಲಾಸ್‌ನ ಎಸ್‌ಎಂಯು ಕೂಡ ಒಳಗೆ ಬಂದಿವೆ. ಪೆಸಿಫಿಕ್ ಸಮುದ್ರದ ಪಕ್ಕದವರು ಅಟ್ಲಾಂಟಿಕ್ ಕಪ್ ಆಡ್ತಾರೆ, ಟಿವಿ ದುಡ್ಡಿನ ಮಹಿಮೆ. ಕೂಟದ 18 ವಿಶ್ವವಿದ್ಯಾಲಯಗಳಲ್ಲಿ ಪುರುಷರ ಸಾಕರ್ ತಂಡ ಇರುವುದು 15ಕ್ಕೆ ಮಾತ್ರ. ಮಯಾಮಿ, ಫ್ಲಾರಿಡಾ ಸ್ಟೇಟ್, ಜಾರ್ಜಿಯಾ ಟೆಕ್‌ನವರು ಸುಮ್ನೆ ತಮ್ಮ ತಂಡ ಎಲ್ಲಿ ಅಂತ ಹುಡುಕಬೇಡಿ.

ಈಗಿನ ಪದ್ಧತಿ ಹೀಗಿದೆ. ಮೊದಲ ಸುತ್ತು ಮತ್ತು ಕ್ವಾರ್ಟರ್‌ಫೈನಲ್ ಮೇಲಿನ ಸ್ಥಾನದ ತಂಡದ ಕ್ಯಾಂಪಸ್‌ನಲ್ಲೇ ನಡೆಯುತ್ತವೆ. ಸೆಮಿಫೈನಲ್ ಎರಡೂ ಗುರುವಾರ ಕ್ಯಾರಿಯಲ್ಲಿ. ಫೈನಲ್ ಭಾನುವಾರ ಅಲ್ಲೇ. ಆದರೆ ಇದು ಕಲ್ಲಲ್ಲಿ ಕೆತ್ತಿದ್ದಲ್ಲ. ಕೆಲವು ವರ್ಷ ಫೈನಲ್ ಮಾತ್ರ ಕ್ಯಾರಿಯಲ್ಲಿ ನಡೆದಿದೆ. 2016ರಲ್ಲಂತೂ ನಾರ್ತ್ ಕ್ಯಾರೊಲಿನಾದ ಒಂದು ಕಾನೂನಿನ ಗಲಾಟೆಯಿಂದ ಫೈನಲ್ಲನ್ನೇ ರಾಜ್ಯದಿಂದ ಆಚೆ ಒಯ್ದಿದ್ದರು. ಹಾಗಾಗಿ ಟಿಕೆಟ್‌ಗೆ ಮುಂಚೆ ಆ ವರ್ಷದ ವೇಳಾಪಟ್ಟಿಯನ್ನು ಕಣ್ಣಾರೆ ನೋಡಿ. ಹಿಂದಿನ ವರ್ಷ ಹೋದವರ ಮಾತು ಸಾಲದು, ನನ್ನದೂ ಸೇರಿ.

ಈಗ ದೊಡ್ಡ ಪ್ರಶ್ನೆ. ಗುರುವಾರವೂ ಪಂದ್ಯ, ಭಾನುವಾರವೂ ಪಂದ್ಯ, ಮಧ್ಯೆ ಎರಡು ದಿನ ಖಾಲಿ. ಎರಡಕ್ಕೂ ಇರಬೇಕಾ? ರಜೆ ಸಿಗುವುದಾದರೆ ಇರಿ. ಒಂದನ್ನೇ ಆರಿಸಬೇಕು ಅಂದರೆ ನಾನು ಸೆಮಿಫೈನಲ್ ಅನ್ನುತ್ತೇನೆ. ಒಂದರ ಹಿಂದೆ ಒಂದು ಎರಡು ಪಂದ್ಯ, ನಾಲ್ಕು ತಂಡ, ನಾಲ್ಕು ಥರದ ಆಟ. ಮೊದಲ ಪಂದ್ಯದಲ್ಲಿ ಗೆದ್ದ ಹುಡುಗರು ಕೆಲವೊಮ್ಮೆ ಸ್ನಾನ ಮುಗಿಸಿ ಬಂದು ಎರಡನೇ ಪಂದ್ಯ ನೋಡಲು ಸ್ಟ್ಯಾಂಡ್‌ನಲ್ಲೇ ಕೂರುತ್ತಾರೆ. ಮಕ್ಕಳು ಹೋಗಿ ಮಾತಾಡಿಸಿದರೆ ಚೆನ್ನಾಗಿಯೇ ಮಾತಾಡ್ತಾರೆ, ಇನ್ನೂ ಸ್ಟಾರ್ ಆಗಿರೋದಿಲ್ಲವಲ್ಲ. ಆದರೆ ಇವರಲ್ಲೇ ಮುಂದಿನ ಸ್ಟಾರ್‌ಗಳೂ ಇರುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಎಂಎಲ್‌ಎಸ್‌ನ ತಂಡಗಳು ಕಾಲೇಜ್ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2023ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಹಮಾಡಿ ಡಿಯೊಪ್ ಕ್ಲೆಮ್ಸನ್ ಹುಡುಗ, ಸೆನೆಗಲ್‌ನಿಂದ ಬಂದವನು. ಆರಿಸಿಕೊಂಡಿದ್ದು ನಮ್ಮ ಶಾರ್ಲೆಟ್ ಎಫ್‌ಸಿ. ಮುಂದೆ ಇಂಗ್ಲೆಂಡಿನ ಲೀಡ್ಸ್‌ಗೆ ಆಡಿದ ಜ್ಯಾಕ್ ಹ್ಯಾರಿಸನ್ ಕೂಡ ಒಂದು ಕಾಲಕ್ಕೆ ವೇಕ್ ಫಾರೆಸ್ಟ್ ಪರ ಇದೇ ಎಸಿಸಿಯಲ್ಲಿ ಓಡಾಡಿಕೊಂಡಿದ್ದವನು.

ಮೈದಾನದ ಹೆಸರು ವೇಕ್‌ಮೆಡ್ ಸಾಕರ್ ಪಾರ್ಕ್. ಮ್ಯಾಪ್‌ನಲ್ಲಿ ಫಸ್ಟ್ ಹರೈಸನ್ ಸ್ಟೇಡಿಯಂ ಅಂತ ಬಂದರೆ ಗಾಬರಿ ಬೇಡ, ಪಾರ್ಕ್ ಒಳಗಿನ ಮುಖ್ಯ ಸ್ಟೇಡಿಯಂಗೆ ಈಗ ಆ ಹೆಸರಿದೆ. 2002ರಲ್ಲಿ ಶುರುವಾದದ್ದು, ಸುಮಾರು 10,000 ಜನ ಕೂರಬಹುದು. ಮಹಿಳೆಯರ ಲೀಗ್‌ನ ನಾರ್ತ್ ಕ್ಯಾರೊಲಿನಾ ಕರೇಜ್ ತಂಡದ ಮನೆಯೂ ಇದೇ. ಸಾಕರ್‌ಗೆ ಅಂತಲೇ ಕಟ್ಟಿದ ಜಾಗ. ಬೆಂಗಳೂರಿನ ಕಂಠೀರವದಲ್ಲಿ ಆಟ ನೋಡಿ ಬೆಳೆದವರಿಗೆ ಈ ವ್ಯತ್ಯಾಸ ಕೂತ ತಕ್ಷಣ ಗೊತ್ತಾಗುತ್ತೆ. ಅಲ್ಲಿ ನಮಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಆಚೆ ಬದಿಯ ಆಟಗಾರ ಯಾರು ಅಂತ ಬೆನ್ನಿನ ನಂಬರ್ ನೋಡಿ ಊಹಿಸಬೇಕು. ಇಲ್ಲಿ ಕೋಚ್ ಬೈಯುವುದೂ ಕೇಳುತ್ತೆ, ಗೋಲ್‌ಕೀಪರ್ ಡಿಫೆಂಡರ್‌ಗಳಿಗೆ ಕೂಗುವುದೂ ಕೇಳುತ್ತೆ.

ಸ್ಟೇಡಿಯಂ ಭರ್ತಿಯಾಗುವುದು ಅಪರೂಪ, ಅದರಲ್ಲೂ ಗುರುವಾರ. ಹಾಗಾಗಿ ದುಬಾರಿ ಸೀಟಿಗೆ ಆತುರ ಬೇಡ. ಎಲ್ಲರಿಗಿಂತ ಮುಂದಿನ ಸಾಲು ಚೆಂದ ಅನ್ನಿಸಬಹುದು, ಆದರೆ ಅಲ್ಲಿಂದ ಬರೀ ಕಾಲುಗಳು ಕಾಣುತ್ತವೆ. ನಡುಗೆರೆಯ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ ಕೂತರೆ ತಂಡ ಹೇಗೆ ಹರಡಿಕೊಳ್ಳುತ್ತೆ, ಎಲ್ಲಿ ಜಾಗ ಬಿಡುತ್ತೆ ಅನ್ನೋದೆಲ್ಲ ಕಾಣುತ್ತೆ. ಮಧ್ಯಾಹ್ನದ ಪಂದ್ಯವಾದರೆ ಪಶ್ಚಿಮದ ಬದಿ ಹಿಡಿಯಿರಿ, ಬಿಸಿಲು ಬೆನ್ನಿಗಿರುತ್ತೆ.

ಬಟ್ಟೆ ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ನವೆಂಬರ್ ಮಧ್ಯದಲ್ಲಿ ಕ್ಯಾರಿಯ ಮಧ್ಯಾಹ್ನ ಬೆಂಗಳೂರಿನ ಡಿಸೆಂಬರ್ ಬೆಳಗಿನ ಥರ ಹಿತವಾಗಿರುತ್ತೆ. ಅಷ್ಟೊತ್ತಿಗೆ ಇಲ್ಲಿ ಚಳಿಗಾಲಕ್ಕೆ ಅಂತ ಗಡಿಯಾರ ಒಂದು ಗಂಟೆ ಹಿಂದೆ ಸರಿದಿರುತ್ತೆ, ಸಂಜೆ 5 ಗಂಟೆ ದಾಟುತ್ತಲೇ ಕತ್ತಲು. ಆಮೇಲೆ ಚಳಿ ಸರಸರ ಏರುತ್ತೆ. ಎರಡನೇ ಸೆಮಿಫೈನಲ್ ಮುಗಿಯೋ ಹೊತ್ತಿಗೆ ಟೊಪ್ಪಿ, ಕೈಗವಸು ಇಲ್ಲದವರ ಪಾಡು ನೋಡೋಕಾಗಲ್ಲ. ಕಬ್ಬಿಣದಂಥ ತಣ್ಣನೆ ಸೀಟಿನ ಮೇಲೆ ಹಾಸಲು ಒಂದು ದಪ್ಪ ಟವಲ್ಲೋ ಹೊದಿಕೆಯೋ ಇರಲಿ. ಮಳೆ ಬರುವ ಹಾಗಿದ್ದರೆ ಛತ್ರಿಗಿಂತ ರೇನ್‌ಕೋಟ್ ಮೇಲು, ಸೀಟುಗಳ ಮೇಲೆ ಸೂರು ಕಡಿಮೆ. ಬ್ಯಾಗ್ ಪಾರದರ್ಶಕವಾಗಿರಬೇಕು ಅನ್ನೋ ನಿಯಮ ಇಂಥ ಪಂದ್ಯಗಳಲ್ಲಿ ಸಾಮಾನ್ಯ. ದೊಡ್ಡ ವ್ಯಾನಿಟಿ ಬ್ಯಾಗ್ ತಂದರೆ ವಾಪಸ್ ಕಾರಿಗೆ ನಡೀಬೇಕು.

ಇನ್ನು ಆಟ. ವಿಶ್ವಕಪ್, ಪ್ರೀಮಿಯರ್ ಲೀಗ್ ನೋಡಿ ರೂಢಿ ಇರುವವರಿಗೆ ಕಾಲೇಜ್ ನಿಯಮಗಳು ಮೊದಲು ವಿಚಿತ್ರ ಅನ್ನಿಸುತ್ತವೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಡಿಯಾರ 45ರಿಂದ ಸೊನ್ನೆಗೆ ಇಳಿಯುತ್ತೆ. ನಮ್ಮ ಜೊತೆ ದಾವಣಗೆರೆಯಿಂದ ಬಂದಿದ್ದ ಗೆಳೆಯನ ತಾಯಿ ಸ್ಕೋರ್‌ಬೋರ್ಡ್ ನೋಡಿ, "ಏನಪಾ, ಗಡಿಯಾರ ಹಿಂದಕ್ ಹೊಂಟೈತಲ್ಲ, ಕೆಟ್ಟೈತೇನು?" ಅಂದರು. "ಇಲ್ಲಮ್ಮ, ಇಲ್ಲಿ ಹಂಗೇ" ಅಂತ ಹೇಳಿದರೂ ಅವರಿಗೆ ಕೊನೆವರೆಗೂ ಅನುಮಾನ. ಗೋಲು ಬಿದ್ದಾಗ, ಕಾರ್ಡ್ ತೋರಿಸಿದಾಗ, ಗಾಯವಾದಾಗ ಗಡಿಯಾರ ನಿಲ್ಲುತ್ತೆ. ಅದಕ್ಕೆ ಇಂಜುರಿ ಟೈಮ್ ಅನ್ನೋದೇ ಇಲ್ಲ. ಸೊನ್ನೆ ಆಯ್ತು ಅಂದರೆ ಆಯ್ತು. ಕೊನೆಯ ಹತ್ತು ಸೆಕೆಂಡ್ ಇಡೀ ಸ್ಟ್ಯಾಂಡ್ ಒಟ್ಟಿಗೆ ಎಣಿಸುತ್ತೆ, ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಬಂದಿದ್ದೀವೇನೋ ಅನ್ನಿಸುತ್ತೆ. ನನಗೆ ಇದು ಇಷ್ಟ. ಗೆಲ್ಲುತ್ತಿರುವ ತಂಡದವನು ಮೈದಾನದಲ್ಲಿ ಬಿದ್ದು ಹೊರಳಾಡಿ ಟೈಮ್ ತಿನ್ನುವ ನಾಟಕ ಇಲ್ಲಿ ಅಷ್ಟಾಗಿ ನಡೆಯಲ್ಲ.

ಬದಲಿ ಆಟಗಾರರ ಲೆಕ್ಕವೂ ಬೇರೆ. ಮೊದಲರ್ಧದಲ್ಲಿ ಹೊರಗೆ ಹೋದವನು ಆ ಅರ್ಧಕ್ಕೆ ಮತ್ತೆ ಬರುವಂತಿಲ್ಲ, ಆದರೆ ಎರಡನೇ ಅರ್ಧದಲ್ಲಿ ಬರಬಹುದು. ಎರಡನೇ ಅರ್ಧದಲ್ಲಿ ಹೊರಗೆ ಹೋದವನಿಗೆ ಒಮ್ಮೆ ವಾಪಸ್ ಬರುವ ಅವಕಾಶ ಇದೆ. ಇದರಿಂದ ಆಟ ಕೊನೆವರೆಗೂ ಓಟ, ಒತ್ತಡ, ಗುದ್ದಾಟ. ಚೆಂಡನ್ನು ಹತ್ತಿರ ಇಟ್ಟುಕೊಂಡು ನಿಧಾನ ಆಡುವ ಸೊಗಸು ಕಡಿಮೆ ಅಂತ ಗೊಣಗುವವರಿದ್ದಾರೆ, ಅವರ ಮಾತಲ್ಲೂ ಸತ್ಯ ಇದೆ. ಸಮ ಆದರೆ 10 ನಿಮಿಷದ ಎರಡು ಹೆಚ್ಚುವರಿ ಅವಧಿ, ಆಮೇಲೂ ಸಮ ಆದರೆ ಪೆನಾಲ್ಟಿ. ಹೆಚ್ಚುವರಿ ಅವಧಿಯಲ್ಲಿ ಗೋಲು ಬಿದ್ದ ಕ್ಷಣಕ್ಕೆ ಪಂದ್ಯ ಮುಗಿಯುವ ಹಳೇ ನಿಯಮವನ್ನು 2022ರಲ್ಲಿ ತೆಗೆದರು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಗುರುವಾರ ಮೊದಲ ಪಂದ್ಯ ಎಳೆದರೆ ಎರಡನೆಯದೂ ತಡವಾಗುತ್ತೆ. ರಾತ್ರಿ ಎಷ್ಟೊತ್ತಾಗುತ್ತೆ ಅಂತ ಹೇಳೋಕಾಗಲ್ಲ, ಮಕ್ಕಳಿಗೆ ಮರುದಿನ ಸ್ಕೂಲಿದ್ದರೆ ಯೋಚಿಸಿ.

ರೈಲಿನಲ್ಲಿ ಬರುವವರಿಗೂ ಇದೇ ತೊಂದರೆ. ಶಾರ್ಲೆಟ್‌ನಿಂದ ಪೀಡ್‌ಮಾಂಟ್ ರೈಲು ನೇರವಾಗಿ ಕ್ಯಾರಿಗೆ ಬರುತ್ತೆ, ಮೂರು ಗಂಟೆಯ ಆಸುಪಾಸು, ಕಾರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಕಿಟಕಿ ಪಕ್ಕ ಕೂತು ಚಿತ್ರಾನ್ನದ ಡಬ್ಬಿ ತೆಗೆಯುವ ಸುಖ ಹೈವೇಯಲ್ಲಿಲ್ಲ. ಆದರೆ ರಾತ್ರಿ ಪಂದ್ಯ ಮುಗಿದ ಮೇಲೆ ವಾಪಸ್ ರೈಲು ಸಿಗಲ್ಲ, ಉಳಿದುಕೊಳ್ಳಲೇಬೇಕು. ವಿಮಾನದಲ್ಲಿ ಬಂದರೆ ರಾಲಿ-ಡರಂ ಏರ್‌ಪೋರ್ಟ್ ಹತ್ತಿರವೇ ಇದೆ, ಕಾರಿನಲ್ಲಿ ಕಾಲು ಗಂಟೆ ಅಷ್ಟೆ. ಊರೊಳಗೆ ಓಡಾಡೋಕೆ ಬಸ್ಸನ್ನು ನೆಚ್ಚಿಕೊಳ್ಳಬೇಡಿ, ಬಾಡಿಗೆ ಕಾರು ತಗೊಳ್ಳಿ.

ಹೋಟೆಲ್ ದರದ ಗುಟ್ಟು ಒಂದಿದೆ. ಸಾಕರ್‌ನಿಂದ ಇಲ್ಲಿ ರೂಮಿನ ದರ ಏರಲ್ಲ. ಆದರೆ ಇದೇ ರಸ್ತೆಗಳ ಆಚೆ ಬದಿಯಲ್ಲಿ ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂ ಕಾರ್ಟರ್-ಫಿನ್ಲಿ ಇದೆ, ಅದರ ಪಕ್ಕದಲ್ಲೇ ಕ್ಯಾರೊಲಿನಾ ಹರಿಕೇನ್ಸ್ ಐಸ್ ಹಾಕಿ ಆಡುವ ಲೆನೊವೊ ಸೆಂಟರ್. ಶನಿವಾರ ಅಲ್ಲಿ ಫುಟ್‌ಬಾಲ್ ಇದ್ದರೆ ಸುತ್ತಮುತ್ತ ರೂಮು ಸಿಗೋದೇ ಕಷ್ಟ, ಸಿಕ್ಕರೆ ದರ ಕೇಳಿ ತಲೆ ತಿರುಗುತ್ತೆ. ಗುರುವಾರ ಹಾಕಿ ಇದ್ದರೆ ಸಂಜೆ ಟ್ರಾಫಿಕ್ಕು. ಮೊದಲು ಆ ಎರಡು ತಂಡಗಳ ವೇಳಾಪಟ್ಟಿ ನೋಡಿ, ಆಮೇಲೆ ರೂಮ್ ಹುಡುಕಿ. ಮೊರಿಸ್‌ವಿಲ್ ಕಡೆ, ಏರ್‌ಪೋರ್ಟ್ ಪಕ್ಕದ ಹೋಟೆಲ್‌ಗಳು ಇಂಥ ಹೊತ್ತಲ್ಲಿ ಕೈ ಹಿಡಿಯುತ್ತವೆ. ಕ್ವಾರ್ಟರ್‌ಫೈನಲ್ ಮುಗಿಯುವವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗ್ ಮಾತ್ರ ಮಾಡಿ, ನಾಲ್ಕು ಡಾಲರ್ ಜಾಸ್ತಿಯಾದರೂ ಪರವಾಗಿಲ್ಲ.

ಊಟದ ಚಿಂತೆ ಬೇಡ. ಕ್ಯಾರಿ, ಮೊರಿಸ್‌ವಿಲ್ ಎರಡರಲ್ಲೂ ನಮ್ಮವರು ತುಂಬಾ ಇದ್ದಾರೆ. ಕನ್ನಡ ಕೂಟವೂ ಇದೆ, ಹೆಸರು ಸಂಪಿಗೆ. ಸ್ಟೇಡಿಯಂನಿಂದ ಚ್ಯಾಟಮ್ ಸ್ಟ್ರೀಟ್ ಹಿಡಿದು ಊರೊಳಗೆ ಬರುವಾಗ ಭಾರತೀಯ ಅಂಗಡಿ, ಹೋಟೆಲ್‌ಗಳು ಸಿಗುತ್ತವೆ. ಪಂದ್ಯಕ್ಕೆ ಮುಂಚೆಯೇ ದೋಸೆ ತಿಂದು ಹೋಗಿ, ಒಳಗೆ ಸಿಗೋದು ಹಾಟ್‌ಡಾಗ್, ಚಿಪ್ಸು, ಅಷ್ಟೇ. ಸಸ್ಯಾಹಾರಿಗಳಿಗೆ ಚಿಪ್ಸು ಮಾತ್ರ ಅಂದುಕೊಳ್ಳಿ. ಹೊರಗಿನ ತಿಂಡಿ ಒಳಗೆ ಬಿಡಲ್ಲ.

ಶುಕ್ರವಾರ, ಶನಿವಾರಕ್ಕೆ ಬೇಕಾದಷ್ಟಿದೆ. ಅಪ್ಪ-ಅಮ್ಮ ಜೊತೆಗಿದ್ದರೆ ಕ್ಯಾರಿಯ ಶ್ರೀ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, 2022ರಲ್ಲಿ ಎತ್ತರದ ಗೋಪುರ ಕಟ್ಟಿದ್ದಾರೆ, ದೂರದಿಂದಲೇ ಕಾಣುತ್ತೆ. ಮಕ್ಕಳಿದ್ದರೆ ರಾಲಿಯ ನ್ಯಾಚುರಲ್ ಸೈನ್ಸಸ್ ಮ್ಯೂಸಿಯಂ, ಡೈನೊಸಾರ್ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ನಡೆಯೋ ಆಸೆ ಇದ್ದವರಿಗೆ ಏರ್‌ಪೋರ್ಟ್ ಪಕ್ಕದಲ್ಲೇ ಅಮ್‌ಸ್ಟೆಡ್ ಪಾರ್ಕಿನ ಕಾಡು. ಸಾಕರ್ ಹುಚ್ಚು ಇನ್ನೂ ಇಳಿದಿಲ್ಲ ಅಂದರೆ ಚಾಪೆಲ್ ಹಿಲ್‌ಗೆ ಹೋಗಿ ಡೊರಾನ್ಸ್ ಫೀಲ್ಡ್ ನೋಡಿ ಬನ್ನಿ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ (ಯುಎನ್‌ಸಿ) ಮಹಿಳಾ ತಂಡಕ್ಕೆ 22 ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ಆನ್ಸನ್ ಡೊರಾನ್ಸ್ ಹೆಸರಿನ ಮೈದಾನ ಅದು.

ಭಾನುವಾರ ನಿಮ್ಮ ತಂಡ ಸೋತರೆ ಮನೆ ದಾರಿ ಹಿಡಿಯುವ ಮುಂಚೆ ಒಂದು ವಿಷಯ ನೆನಪಿರಲಿ. ಈ ಕಪ್ ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಆದರೆ ಒಟ್ಟು 48 ತಂಡಗಳಿಗೆ ಅಲ್ಲಿ ಜಾಗ ಇದೆ, ಎಸಿಸಿಯಿಂದ ಸೋತವರೂ ಸುಮಾರು ಜನ ಒಳಗೆ ಬರ್ತಾರೆ. 2021ರಲ್ಲಿ ಎಸಿಸಿ ಗೆದ್ದದ್ದು ನೋಟರ್ ಡೇಮ್, ಆದರೆ ಡಿಸೆಂಬರ್‌ನಲ್ಲಿ ಇದೇ ಕ್ಯಾರಿಯಲ್ಲಿ ವಾಷಿಂಗ್ಟನ್ ತಂಡವನ್ನು 2-0ಯಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಕ್ಲೆಮ್ಸನ್. ಮರುವರ್ಷ ಸಿರಾಕ್ಯೂಸ್ ನವೆಂಬರ್‌ನಲ್ಲಿ ಕ್ಲೆಮ್ಸನ್ ಅನ್ನು 2-0 ಸೋಲಿಸಿ ಎಸಿಸಿ ಕಪ್ ಎತ್ತಿತು, ಡಿಸೆಂಬರ್‌ನಲ್ಲಿ ಅದೇ ಮೈದಾನಕ್ಕೆ ವಾಪಸ್ ಬಂದು ಇಂಡಿಯಾನಾ ವಿರುದ್ಧ ಪೆನಾಲ್ಟಿಯಲ್ಲಿ 7-6 ಗೆದ್ದು ರಾಷ್ಟ್ರೀಯ ಕಪ್ಪನ್ನೂ ಹೊಡೆಯಿತು. ರಾಷ್ಟ್ರೀಯ ಟೂರ್ನಿಯ ತಂಡಗಳ ಪಟ್ಟಿ ಫೈನಲ್ ಮರುದಿನ ಸೋಮವಾರವೇ ಬರುತ್ತೆ, ಮೊದಲ ಸುತ್ತು ಅದೇ ವಾರ, ಮತ್ತೆ ಕ್ಯಾಂಪಸ್‌ಗಳಲ್ಲಿ. ನಿಮ್ಮ ಮನೆ ಹತ್ತಿರದ ಯಾವುದಾದರೂ ವಿಶ್ವವಿದ್ಯಾಲಯದ ಹೆಸರು ಅದರಲ್ಲಿದ್ದರೆ ಅವತ್ತೇ ಟಿಕೆಟ್ ತಗೊಳ್ಳಿ, ಈ ಸಲ ಹೋಟೆಲ್ ಖರ್ಚಂತೂ ಇಲ್ಲ.